ಯೂರ್-ಲಾ-ಪರಾಡ್: ಕೋಸ್ ಮೆಜಾನ್ ಪ್ರಸ್ಥಭೂಮಿಗೆ ಹೊರಡುವವರಿಗೆ

ದಕ್ಷಿಣ ಫ್ರಾನ್ಸಿನ ಲೊಝೇರ್ ಜಿಲ್ಲೆಯಲ್ಲಿ, ತಾರ್ನ್ ಮತ್ತು ಝೋಂತ್ ನದಿಗಳ ಆಳವಾದ ಕಮರಿಗಳ ನಡುವೆ, ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿ ಹರಡಿರುವ ಸುಣ್ಣಕಲ್ಲಿನ ಪ್ರಸ್ಥಭೂಮಿಯೇ ಕೋಸ್ ಮೆಜಾನ್. ಅದರ ಮೇಲಿರುವ ಯೂರ್-ಲಾ-ಪರಾಡ್ ಎಂಬ ಕಮ್ಯೂನಿನ (ನಮ್ಮ ಗ್ರಾಮ ಪಂಚಾಯಿತಿಯಂಥ ಆಡಳಿತ ಘಟಕದ) ಜನಸಂಖ್ಯೆ ಮುನ್ನೂರನ್ನೂ ಮುಟ್ಟುವುದಿಲ್ಲ. ಇಲ್ಲಿಗೆ ಹೋಗಲು ಬಾಡಿಗೆ ಕಾರನ್ನೇ ನಂಬಿಕೊಳ್ಳುವುದು ಲೇಸು. ಪೆಟ್ರೋಲ್, ದಿನಸಿ ಮತ್ತು ಕುಡಿಯುವ ನೀರನ್ನು ಕಣಿವೆಯಲ್ಲಿರುವ ಮೇರುಯೇಸ್ ಅಥವಾ ಫ್ಲೋರಾಕ್ ಪಟ್ಟಣದಲ್ಲಿಯೇ ತುಂಬಿಸಿಕೊಂಡು ಘಟ್ಟ ಹತ್ತಬೇಕು.

ಮೇಲೆ ತಲುಪಿದಾಗ ಮೊದಲು ಗಮನಕ್ಕೆ ಬರುವುದು ಮರಗಳ ಅಭಾವ. ಇದನ್ನು ಪ್ರಕೃತಿಯ ಬರಡುತನವೆಂದು ಭಾವಿಸಬಾರದು. ಶತಮಾನಗಳಿಂದ ಮೇಯುತ್ತ ಬಂದ ಕುರಿಮಂದೆಗಳೇ ಈ ಹುಲ್ಲುಗಾವಲನ್ನು ಬಯಲಾಗಿ ಉಳಿಸಿವೆ, ಮತ್ತು ಆ ಪಶುಪಾಲನೆಯ ಪರಂಪರೆಗಾಗಿಯೇ ಯುನೆಸ್ಕೋ 2011ರಲ್ಲಿ ಕೋಸ್ (ಇಂಥ ಸುಣ್ಣಕಲ್ಲಿನ ಪ್ರಸ್ಥಭೂಮಿಗಳು) ಮತ್ತು ನೆರೆಯ ಸೆವೆನ್ ಬೆಟ್ಟಗಳ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬಿದ್ದ ಮಳೆಯೆಲ್ಲ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು ಕೆಳಗಿನ ಕಮರಿಗಳಲ್ಲಿ ಬುಗ್ಗೆಯಾಗಿ ಹೊರಬರುವುದರಿಂದ ಮೇಲೆ ಹಳ್ಳತೊರೆಗಳಿಲ್ಲ. ಕುರಿಗಳಿಗೆಂದು ಕಲ್ಲು ಹಾಸಿದ ದುಂಡನೆಯ ಕಟ್ಟೆಗಳಲ್ಲಿ ಮಳೆನೀರನ್ನು ಹಿಡಿದಿಡುತ್ತಾರೆ. ಬೇಸಾಯ ನಡೆಯುವುದು ಕೆಂಪು ಮಣ್ಣು ಶೇಖರವಾದ ತಗ್ಗುಗಳಲ್ಲಿ ಮಾತ್ರ. ತೊಲೆಗೆ ಬೇಕಾದ ಮರವೇ ವಿರಳವಾದ್ದರಿಂದ ಹಳೆಯ ಮನೆಗಳ ಮಹಡಿಗೂ ಮಾಡಿಗೂ ಕಲ್ಲಿನ ಕಮಾನುಗಳೇ ಆಧಾರ. ಯೆಲ್ಜಾ ಎಂಬ ಹಳ್ಳಿಯಲ್ಲಿ ಅಂಥ ಒಂದು ರೈತಮನೆಯನ್ನು ಸಂಗ್ರಹಾಲಯವಾಗಿ ಕಾಪಾಡಿದ್ದಾರೆ. ಇಲ್ಲಿನ ಪ್ರಸಿದ್ಧ ಅವೆನ್ ಅರ್ಮಾಂ ಗುಹೆಗಿಂತ ಮೊದಲು ಇದನ್ನು ನೋಡಿದರೆ ಊರಿನ ಬದುಕು ಅರ್ಥವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಹೆಚ್ಚಿನವರು ಬರುವುದು 1897ರಲ್ಲಿ ಲೂಯಿ ಅರ್ಮಾಂ ಪತ್ತೆ ಹಚ್ಚಿದ ಆ ಗುಹೆಗಾಗಿಯೇ. ಹಳಿಬಂಡಿಯಲ್ಲಿ ಕೆಳಗಿಳಿದರೆ ನೆಲದಿಂದ ಎದ್ದ ಸುಮಾರು 400 ಸುಣ್ಣದ ಕಂಬಗಳು ಕಾಣುತ್ತವೆ; ಅತಿ ಎತ್ತರದ್ದು 30 ಮೀಟರಿನಷ್ಟಿದೆ. ಬೇಸಿಗೆಯಲ್ಲೂ ಒಳಗೆ ಚಳಿಯಿರುವುದರಿಂದ ಸ್ವೆಟರ್ ಬೇಕು. ಚಳಿಗಾಲದಲ್ಲಿ ಗುಹೆ ಮುಚ್ಚಿರುತ್ತದೆ. ವಿಲ್ಲಾರೆ ಎಂಬ ಹಳ್ಳಿಯ ಬಳಿ, 1993ರಿಂದ ಸಾಕಿರುವ ಮಂಗೋಲಿಯಾ ಮೂಲದ ಪ್ರೆಝ್ವಾಲ್ಸ್ಕಿ ಕಾಡುಕುದುರೆಗಳನ್ನು ಬೇಲಿಯಾಚೆ ದೂರದಿಂದ ನೋಡಬಹುದು. ದುರ್ಬೀನು ಜೊತೆಗಿರಲಿ, ಝೋಂತ್ ಕಮರಿಯ ರಣಹದ್ದುಗಳನ್ನು ನೋಡಲೂ ಅದು ಬೇಕು. ಲಾ ಪರಾಡಿನಲ್ಲಿ 1944ರ ಮೇ 28ರಂದು ಜರ್ಮನ್ ಸೇನೆಯೊಡನೆ ಹೋರಾಡಿ ಮಡಿದ ಪ್ರತಿರೋಧ ಹೋರಾಟಗಾರರ ಸ್ಮಾರಕವಿದೆ.

ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ. ಆಲೂಗಡ್ಡೆ ಮತ್ತು ಹಸಿ ಚೀಸನ್ನು ನಾದಿ ಮಾಡುವ ಅಲಿಗೋ ಹೊಟ್ಟೆ ತುಂಬಿಸುತ್ತದೆ. ಆದರೆ ಅದರೊಡನೆ ಮಾಂಸವನ್ನು ಬಡಿಸುವ ರೂಢಿಯಿರುವುದರಿಂದ ಮೊದಲೇ ಹೇಳಿಡಬೇಕು. ನಡಿಗೆಯ ದಾರಿಯಲ್ಲಿ ಸಿಗುವ ಗೇಟುಗಳನ್ನು ದಾಟಿದ ಮೇಲೆ ಮುಚ್ಚಬೇಕು, ಮಂದೆಯೊಡನೆ ಬಿಳಿಯ ಕಾವಲುನಾಯಿ ಕಂಡರೆ ಓಡದೆ ದೂರದಿಂದಲೇ ಬಳಸಿಕೊಂಡು ಹೋಗಬೇಕು.