ಅಟ್ಟದ ಮೇಲಿನ ಬಾಣಂತಿ

ಏಪ್ರಿಲ್ ಮೊದಲ ವಾರ. ಕೆನಡಾದ ಒಂಟಾರಿಯೋ ಪ್ರಾಂತ್ಯದ ನಮ್ಮೂರು ಮಿಸ್ಸಿಸಾಗಾದಲ್ಲಿ ಹಿಮ ಕರಗಿ ಅಂಗಳವೆಲ್ಲ ಕೆಸರಾಗಿದ್ದ ಸಮಯ. ಬೆಳಿಗ್ಗೆ ಆರೂವರೆಗೆ ಮಲಗುವ ಕೋಣೆಯ ಮೇಲ್ಗಡೆ ಪರಪರ ಅಂತ ಉಗುರಿನ ಸದ್ದು. ಹಿಂದೆಯೇ ಏನೋ ದಡದಡ ಓಡಿತು. ನಮ್ಮನೆಯವರು ಕಣ್ಣು ಬಿಡದೆಯೇ "ಇಲಿ" ಅಂದು ಮಗ್ಗುಲು ಬದಲಿಸಿದರು. ಇಲಿ ಇಷ್ಟು ದಪ್ಪ ಇರುತ್ತದಾ ಅಂತ ನಾನು ಎದ್ದು ಕೂತೆ.

ಅಟ್ಟ ಅಂದ ತಕ್ಷಣ ನಿಮಗೆ ಹಳೇ ಪಾತ್ರೆ, ಟ್ರಂಕು ಇಡುವ ಜಾಗ ನೆನಪಾಗುತ್ತದೆ. ಇಲ್ಲಿಯದು ಹಾಗಲ್ಲ. ನಾವು ನೋಡುವ ಸೀಲಿಂಗ್ ಬರೀ ಜಿಪ್ಸಮ್ ಹಲಗೆ. ಅದರ ಮೇಲೆ ಒಂದಡಿಗಿಂತ ಜಾಸ್ತಿ ದಪ್ಪಕ್ಕೆ ಹತ್ತಿಯಂಥ ಇನ್ಸುಲೇಷನ್ ಹಾಸಿರುತ್ತಾರೆ. ಮನೆಯ ಬಿಸಿ ಹೊರಗೆ ಹೋಗದಿರಲಿ ಅಂತ. ಅದರ ಮೇಲೆ ಇಳಿಜಾರು ಛಾವಣಿ. ನಡುವೆ ಇರುವ ಕತ್ತಲೆ ಜಾಗಕ್ಕೆ ನಾವು ವರ್ಷಕ್ಕೊಮ್ಮೆಯೂ ತಲೆ ಹಾಕುವುದಿಲ್ಲ. ಅಳಿಲಿನಂಥ ಪ್ರಾಣಿಗಾದರೆ ಮೆತ್ತಗಿನ ಹಾಸಿಗೆ, ಮಳೆಯಿಲ್ಲ, ಗಿಡುಗ ಇಲ್ಲ, ಬೆಕ್ಕು ಇಲ್ಲ.

ಪಕ್ಕದ ಮನೆಯ ಅಜ್ಜನಿಗೆ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಸದ್ದು ಹಗಲೋ, ರಾತ್ರಿಯೋ?" ರಾತ್ರಿಯಾದರೆ ಇಲಿ, ಬೆಕ್ಕಿಗಿಂತ ದಪ್ಪಗಿರುವ ರಕೂನ್ ಅನ್ನುವ ಪ್ರಾಣಿ, ಇಲ್ಲಾ ಹಾರುವ ಅಳಿಲು. ರಕೂನ್ ಆದರೆ ಮೇಲೆ ಮನುಷ್ಯ ನಡೆದಾಡಿದ ಹಾಗೇ ಕೇಳಿಸುತ್ತದಂತೆ. ಬೆಳಗು ಮತ್ತು ಸಂಜೆ ಆದರೆ ಬೂದು ಅಳಿಲು. ಹಿತ್ತಲಲ್ಲಿ ನಿಂತು ನೋಡುತ್ತಾ ಇರಿ ಅಂದರು. ಅರ್ಧ ಗಂಟೆ ನಿಂತೆ. ಛಾವಣಿಯ ಅಂಚಿನ ಕೆಳಗೆ, ಸಾಫಿಟ್ ಅನ್ನುವ ಅಡಿಹೊದಿಕೆಯ ಮೂಲೆಯಲ್ಲಿ, ಮುಷ್ಟಿ ಗಾತ್ರದ ತೂತು. ಅದರಿಂದ ಕಪ್ಪು ತಲೆಯೊಂದು ಇಣುಕಿತು, ಅತ್ತಿತ್ತ ನೋಡಿತು, ಮೇಪಲ್ ಮರಕ್ಕೆ ಹಾರಿತು.

ಕಪ್ಪೇ. ಒಂಟಾರಿಯೋದಲ್ಲಿ ಕಪ್ಪು ಅಳಿಲು ಧಾರಾಳ. ಬೇರೆ ಜಾತಿಯಲ್ಲ, ಬೂದು ಅಳಿಲಿನದೇ ಇನ್ನೊಂದು ಬಣ್ಣ. ಅರ್ಧ ಕಿಲೋ ತೂಗುತ್ತದೆ. ಬೆನ್ನ ಮೇಲೆ ಮೂರು ಗೆರೆ ಇಲ್ಲ. ರಾಮನ ಕೈ ಇಲ್ಲಿವರೆಗೆ ಚಾಚಲಿಲ್ಲ ಅಂತ ಕಾಣುತ್ತದೆ.

ಶನಿವಾರ ನಮ್ಮನೆಯವರು ಏಣಿ, ಹಲಗೆ, ಮೊಳೆ ಎಲ್ಲ ಜೋಡಿಸಿಕೊಂಡರು. ಅಳಿಲು ಹೊರಗೆ ಹೋದಾಗ ತೂತು ಮುಚ್ಚಿಬಿಟ್ಟರೆ ಕೆಲಸ ಮುಗೀತಲ್ವಾ? ಅಜ್ಜ ಬೇಲಿಯ ಆಚೆಯಿಂದಲೇ ಕೈ ಬೀಸಿ ಕೂಗಿದರು. "ಇಳೀರಿ, ಇಳೀರಿ! ಒಳಗೆ ಮರಿ ಇದ್ದರೆ?"

ನಮಗೆ ಅದು ಹೊಳೆದೇ ಇರಲಿಲ್ಲ. ಈ ಅಳಿಲುಗಳು ವರ್ಷಕ್ಕೆ ಎರಡು ಸಲ ಮರಿ ಹಾಕಬಹುದು. ಚಳಿಗಾಲ ಮುಗಿಯುವಾಗ ಒಮ್ಮೆ, ಬೇಸಿಗೆ ಕೊನೆಯಲ್ಲಿ ಇನ್ನೊಮ್ಮೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ಮರಿ. ಹುಟ್ಟುವಾಗ ಮೈಮೇಲೆ ಕೂದಲಿಲ್ಲ, ಕಣ್ಣು ಬಿಡಲಿಕ್ಕೇ ಸುಮಾರು ಐದು ವಾರ ಬೇಕು. ಎಂಟು ಹತ್ತು ವಾರದ ತನಕ ತಾಯಿಯ ಹಾಲೇ ಆಧಾರ. ಈಗ ತೂತು ಮುಚ್ಚಿದರೆ ಮರಿಗಳು ಒಳಗೇ ಹಸಿದು ಸಾಯುತ್ತವೆ. ತಾಯಿ ಸುಮ್ನೆ ಕೂರುವುದಿಲ್ಲ. ಛಾವಣಿಗೆ ಹೊದಿಸಿದ ಶಿಂಗಲ್ ಕಿತ್ತು, ಮರ ಕಡಿದು, ಹೊಸ ತೂತು ಮಾಡಿಯಾದರೂ ಒಳಗೆ ಬರುತ್ತಾಳೆ. ಬರಲಾಗದಿದ್ದರೆ ಒಂದು ವಾರದಲ್ಲಿ ನಮಗೆ ನಾತ ಶುರು.

ಆ ರಾತ್ರಿ ಗೋಡೆಗೆ ಕಿವಿ ಕೊಟ್ಟೆ. ಚೀಂ ಚೀಂ ಅಂತ ಸಣ್ಣ ದನಿ ಕೇಳಿಸಿತು. ಮನೆಯಲ್ಲಿ ಬಾಣಂತಿ ಇದ್ದಾಳೆ ಅಂತ ಆಗ ಖಾತ್ರಿಯಾಯಿತು. ಅಲ್ಲಿಂದ ನಮ್ಮ ಮಾತಿನಲ್ಲೂ "ಅದು" ಹೋಗಿ "ಅವಳು" ಬಂತು.

ಬೋನಿಟ್ಟು ಹಿಡಿದು ದೂರದ ಕಾಡಿಗೆ ಬಿಟ್ಟರಾಯಿತು ಅಂತ ಗೆಳೆಯರೊಬ್ಬರು ಸಲಹೆ ಕೊಟ್ಟರು. ಕೇಳಲಿಕ್ಕೆ ದಯೆಯ ಮಾತು. ಆದರೆ ಒಂಟಾರಿಯೋದಲ್ಲಿ ಹಿಡಿದ ಪ್ರಾಣಿಯನ್ನು 24 ಗಂಟೆಯೊಳಗೆ, ಹಿಡಿದ ಜಾಗದಿಂದ 1 ಕಿಲೋಮೀಟರ್ ಒಳಗೇ ಬಿಡಬೇಕು ಅಂತ ನಿಯಮ. ಅದಕ್ಕೆ ಕಾರಣವೂ ಇದೆ. ಗೊತ್ತಿಲ್ಲದ ಕಾಡಿನಲ್ಲಿ ಅದಕ್ಕೆ ಗೂಡಿಲ್ಲ, ಹೂತಿಟ್ಟ ಕಾಳಿಲ್ಲ, ಅಲ್ಲಿಯ ಅಳಿಲುಗಳು ಹತ್ತಿರ ಸೇರಿಸುವುದಿಲ್ಲ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಊರಿನಿಂದ ಕಾಡಿಗೆ ಸಾಗಿಸಿದ 38 ಅಳಿಲುಗಳ ಮೇಲೆ ಕಣ್ಣಿಟ್ಟಿದ್ದರು. 88 ದಿನದೊಳಗೆ 37 ಸತ್ತಿದ್ದವು, ಇಲ್ಲವೇ ಕಾಣೆಯಾಗಿದ್ದವು. ಲಂಡನ್ನಿನಲ್ಲಿರುವ ನನ್ನ ತಂಗಿಯ ಕಥೆಯೇ ಬೇರೆ. ಬ್ರಿಟನ್ನಿಗೆ ಬೂದು ಅಳಿಲು ಹೊರಗಿನದು, 1876ರಲ್ಲಿ ಅಮೆರಿಕದ ಕಡೆಯಿಂದ ತಂದು ಬಿಟ್ಟದ್ದು. ಹಿಡಿದದ್ದನ್ನು ಮತ್ತೆ ಹೊರಗೆ ಬಿಡುವುದೇ ಅಲ್ಲಿ ತಪ್ಪು.

ಹಾಗಾಗಿ ಕಾಯುವುದು ಅಂತಾಯಿತು. ಕಾಯುವಾಗ ಬುದ್ಧಿಗೇಡಿ ಕೆಲಸವನ್ನೂ ಮಾಡಿದೆವು. ನುಸಿಗುಳಿಗೆ ತಂದು ಅಟ್ಟಕ್ಕೆ ಎಸೆದೆವು. ಅವಳು ಕ್ಯಾರೇ ಅನ್ನಲಿಲ್ಲ, ನಮಗೇ ಎರಡು ದಿನ ತಲೆನೋವು. ಅದು ಮನುಷ್ಯರಿಗೂ ವಿಷ, ಮರಿಗಳಿಗಂತೂ ಕೇಳಲೇಬೇಡಿ. ಹೆಕ್ಕಿ ತೆಗೆಯಲಿಕ್ಕೆ ನಮ್ಮನೆಯವರು ಮೇಲೆ ಹತ್ತಿದರು. ಅಲ್ಲಿ ಮರದ ತೊಲೆಗಳ ಮೇಲಷ್ಟೇ ಕಾಲಿಡಬೇಕು. ಅವರು ತೊಲೆಗಳ ನಡುವೆ ಇಟ್ಟರು. ಕೆಳಗೆ ಬಟ್ಟೆ ಮಡಚುತ್ತಿದ್ದ ನನಗೆ ಸೀಲಿಂಗ್‌ನಿಂದ ಮೊಣಕಾಲಿನ ತನಕ ಗಂಡನ ಕಾಲು ಕಂಡಿತು. ಚಪ್ಪಲಿ ಸಮೇತ. ಅಳಿಲು ಮಾಡಿದ್ದಕ್ಕಿಂತ ದೊಡ್ಡ ತೂತು ಅದು.

ಆಮೇಲೆ ದುರಸ್ತಿಗೆ ಬಂದವನು ಹೇಳಿದ: ದೀಪ ಉರಿಸಿ, ರೇಡಿಯೋ ಹಚ್ಚಿಟ್ಟರೆ ಕೆಲವು ತಾಯಂದಿರು ಬೇಸತ್ತು ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಬೇರೆ ಗೂಡಿಗೆ ಹೋಗುತ್ತಾರೆ. ಇವಕ್ಕೆ ಸಾಮಾನ್ಯವಾಗಿ ಒಂದಕ್ಕಿಂತ ಜಾಸ್ತಿ ಗೂಡು ಇರುತ್ತದೆ. ನಾವು ವಾರವಿಡೀ ವಾರ್ತೆ ಕೇಳಿಸಿದೆವು. ನಮ್ಮವಳು ಕದಲಲಿಲ್ಲ.

ಮೇ ಮೂರನೇ ವಾರ ತೂತಿನ ಬಾಯಲ್ಲಿ ಒಂದಲ್ಲ, ನಾಲ್ಕು ತಲೆ. ಮರಿಗಳು ಛಾವಣಿಯಂಚಿನ ಮಳೆನೀರಿನ ಗಟರ್ ಮೇಲೆ ಓಡಿ, ಹೆದರಿ, ಮತ್ತೆ ಒಳಗೆ. ಹತ್ತು ದಿನದಲ್ಲಿ ತಾಯಿಯ ಹಿಂದೆ ಮರಕ್ಕೂ ಹಾರತೊಡಗಿದವು. ಅಜ್ಜ "ಈಗ" ಅಂದರು.

ಕೆಲಸಕ್ಕೆ ಜನ ಕರೆಸಿದೆವು. ಎರಡಂತಸ್ತಿನ ಛಾವಣಿ, ಮೊದಲೇ ನಮ್ಮನೆಯವರ ಕಾಲಿನ ಚರಿತ್ರೆ ಗೊತ್ತಲ್ಲ. ಬಂದವರು ಮನೆ ಸುತ್ತಿ, ಮುಖ್ಯ ತೂತೊಂದನ್ನು ಬಿಟ್ಟು ಉಳಿದ ಸಂದುಗಳನ್ನೆಲ್ಲ ಮೊದಲು ಮುಚ್ಚಿದರು. ಆ ಒಂದು ತೂತಿಗೆ ಜಾಲರಿಯ ಸಣ್ಣ ಸುರಂಗ, ತುದಿಗೆ ಹೊರಕ್ಕೆ ಮಾತ್ರ ತೆರೆಯುವ ಬಾಗಿಲು. ಒಳಗಿಂದ ತಳ್ಳಿದರೆ ತೆರೆಯುತ್ತದೆ, ಹೊರಗಿಂದ ಎಳೆದರೆ ಇಲ್ಲ. ಎರಡನೇ ದಿನ ಅವಳು ಬಾಗಿಲ ಮುಂದೆ ಕೂತು, ಬಾಲ ಝಾಡಿಸಿ, ನನ್ನನ್ನೇ ನೋಡಿಕೊಂಡು ಒಂದು ಗಂಟೆ ಬೈದಳು. ಒಳಗೆ ಸದ್ದಿರಲಿಲ್ಲ. ಆದರೂ ಐದು ದಿನ ಬಿಟ್ಟೆವು. ಅಟ್ಟದಲ್ಲಿ ಯಾರೂ ಉಳಿದಿಲ್ಲ ಅಂತ ಕಣ್ಣಾರೆ ನೋಡಿದ ಮೇಲೇ ಬಾಗಿಲು ತೆಗೆದು ಮುಚ್ಚಿದ್ದು.

ಮುಚ್ಚುವುದರಲ್ಲೇ ಇರುವುದು ಕಸುಬು. ಹಲಗೆ, ಫೋಮು, ಪ್ಲಾಸ್ಟಿಕ್ ಎಲ್ಲ ಅಳಿಲಿಗೆ ಲೆಕ್ಕವೇ ಅಲ್ಲ. ಮುಂದಿನ ಹಲ್ಲು ಬದುಕಿರುವ ತನಕ ಬೆಳೆಯುತ್ತಲೇ ಇರುತ್ತದೆ, ಕಡಿಯದೆ ವಿಧಿಯಿಲ್ಲ. ಅರ್ಧ ಇಂಚು ಕಣ್ಣಿನ ಗಟ್ಟಿ ಗ್ಯಾಲ್ವನೈಸ್ಡ್ ಜಾಲರಿಯೇ ಬೇಕು. ತೂತಿಗಿಂತ ಸುತ್ತಲೂ ಒಂದು ಗೇಣು ಜಾಸ್ತಿ ಹೊದಿಸಿ, ಸ್ಕ್ರೂ ಹಾಕಿ ಬಿಗಿಯಬೇಕು. ಛಾವಣಿಯ ಗಾಳಿಕಿಂಡಿಗಳಿಗೆ ಲೋಹದ ಜಾಲರಿ ಹೊದಿಸಿದರು. ಅವನ್ನು ಪೂರ್ತಿ ಮುಚ್ಚಿದರೆ ಗಾಳಿ ಆಡದೆ ಅಟ್ಟದಲ್ಲಿ ಬೂಷ್ಟು ಹಿಡಿಯುತ್ತದೆ. ಛಾವಣಿಯ ಹತ್ತಿರವಿದ್ದ ಮೇಪಲ್ ಕೊಂಬೆಗಳನ್ನು ಹತ್ತಡಿ ದೂರಕ್ಕೆ ಕಡಿಸಿದೆವು. ಎಲೆಕ್ಟ್ರಿಷಿಯನ್ ಬಂದು ನೋಡಿದಾಗ ಒಂದು ಕಡೆ ವೈರಿನ ಸಿಪ್ಪೆ ತಿಂದು ತಾಮ್ರ ಕಾಣುತ್ತಿತ್ತು. ಎರಡು ತಿಂಗಳು ನಾವು ಅದರ ಕೆಳಗೇ ನಿದ್ದೆ ಮಾಡಿದ್ದು. ಈಗ ಯಾರಾದರೂ ಕೇಳಿದರೆ, ಅಳಿಲಿಗೆ ಕಾಯಿರಿ, ಎಲೆಕ್ಟ್ರಿಷಿಯನ್ನನ್ನು ಮಾತ್ರ ಮೊದಲ ದಿನವೇ ಕರೆಯಿರಿ ಅನ್ನುತ್ತೇನೆ.

ನಾನು ಮಾಸ್ಕ್ ಹಾಕಿಕೊಂಡು, ಹಿಕ್ಕೆಗೆ ನೀರು ಚಿಮುಕಿಸಿ, ಗೂಡನ್ನು ಚೀಲಕ್ಕೆ ತುಂಬಿದೆ. ಒಣಗಿದ್ದನ್ನು ಗುಡಿಸಬಾರದು, ಧೂಳು ಮೂಗಿಗೆ ಹೋಗುತ್ತದೆ. ಗೂಡಿನಲ್ಲಿ ಮೇಪಲ್ ಎಲೆ, ಇನ್ಸುಲೇಷನ್ ತುಣುಕು, ನನ್ನ ಮಗಳ ಕಳೆದುಹೋದ ಕೈಗವಸು. ಮತ್ತೆ ರಾಶಿ ರಾಶಿ ಸೂರ್ಯಕಾಂತಿ ಸಿಪ್ಪೆ.

ಸೂರ್ಯಕಾಂತಿ ನಮ್ಮದೇ. ನಮ್ಮನೆಯವರು ಚಳಿಗಾಲ ಪೂರ್ತಿ ಹಕ್ಕಿಗಳಿಗೆ ಅಂತ ಹಿತ್ತಲಲ್ಲಿ ತೂಗುಹಾಕಿದ್ದ ಡಬ್ಬಿಯದು. ಬಾಣಂತಿಗೆ ಖುದ್ದಾಗಿ ಊಟ ಹಾಕಿ ಸಾಕಿದ್ದಾರೆ. ಡಬ್ಬಿ ತೆಗೆಯಿರಿ ಅಂತ ನಾನು, ಹಕ್ಕಿಗಳೇನು ತಪ್ಪು ಮಾಡಿವೆ ಅಂತ ಅವರು. ಡಬ್ಬಿ ಇವತ್ತಿಗೂ ಅಲ್ಲೇ ತೂಗುತ್ತಿದೆ.