ಕೊಲೊನೆಲ್ ದೊಡ್ಡವನೋ, ಕರ್ನಲ್ ದೊಡ್ಡವನೋ?

ಮಂಗಳವಾರ ಎರಡನೇ ಪೀರಿಯಡ್‌ನಲ್ಲಿ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು ಕೇಳಿದ: ‘ಮೇಡಂ, ಸೈನ್ಯದಲ್ಲಿ ಕೊಲೊನೆಲ್ ದೊಡ್ಡವನೋ, ಕರ್ನಲ್ ದೊಡ್ಡವನೋ?’

ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಯಾಕೆ ನಗುತ್ತಿದ್ದಾರೆ ಅಂತ ಅವನಿಗೆ ಗೊತ್ತಾಗಲಿಲ್ಲ. ನನಗೆ ಗಂಟಲು ಕಟ್ಟಿತು. 20 ವರ್ಷದ ಹಿಂದೆ ಇದೇ ಪ್ರಶ್ನೆ ನನ್ನೊಳಗೂ ಇತ್ತು. ಕೇಳುವ ಧೈರ್ಯ ಇರಲಿಲ್ಲ.

ನಾನು ಕನ್ನಡ ಮೀಡಿಯಂನಲ್ಲಿ ಓದಿ ಬೆಂಗಳೂರಿಗೆ ಬಂದವಳು. ಅವೆನ್ಯೂ ರೋಡಿನ ಹಳೇ ಪುಸ್ತಕಗಳ ರಾಶಿಯಲ್ಲಿ ಸಿಡ್ನಿ ಶೆಲ್ಡನ್ ಬರೆದ ‘ಇಫ್ ಟುಮಾರೋ ಕಮ್ಸ್’ 20 ರೂಪಾಯಿಗೆ ಸಿಕ್ಕಿತ್ತು. ಫಿಲಡೆಲ್ಫಿಯಾದ ಬ್ಯಾಂಕಿನಲ್ಲಿ ಕೆಲಸ ಮಾಡುವ ಟ್ರೇಸಿ ಮೋಸಕ್ಕೆ ಸಿಕ್ಕಿ ಜೈಲು ಸೇರುತ್ತಾಳೆ. ಅವಳು ಹೊರಗೆ ಬರುತ್ತಾಳಾ ಇಲ್ವಾ ಅನ್ನುವ ತಳಮಳದಲ್ಲಿ ಡಿಕ್ಷನರಿ ತೆಗೆಯಲು ಪುರುಸೊತ್ತೇ ಇರಲಿಲ್ಲ. ವಾರ್ಡನ್, ಪರೋಲ್ ಎಲ್ಲವನ್ನೂ ಕಥೆಯೇ ಕಲಿಸಿತು. ಆದರೆ ಕಣ್ಣಿಗೆ ಕಲಿಸಿತು, ಕಿವಿಗೆ ಏನೂ ಸಿಗಲಿಲ್ಲ.

ನಾವು ಬರೆದ ಹಾಗೆ ಓದುವವರು ಅಲ್ವಾ? ಹಾಗಾಗಿ ಕನ್ನಡ ಪೇಪರಿನಲ್ಲಿ ಒಬ್ಬ ಕರ್ನಲ್ ಇದ್ದ, ಅಮೆರಿಕದ ಕಾದಂಬರಿಗಳಲ್ಲಿ ಒಬ್ಬ ಕೊಲೊನೆಲ್ (Colonel) ಇದ್ದ. ಇಬ್ಬರೂ ಒಬ್ಬನೇ ಅಂತ ಗೊತ್ತಾಗಿದ್ದು ‘ಎ ಫ್ಯೂ ಗುಡ್ ಮೆನ್’ ಡಿವಿಡಿ ನೋಡಿದ ರಾತ್ರಿ. ಕೋರ್ಟಿನಲ್ಲಿ ಟಾಮ್ ಕ್ರೂಸ್, ಜಾಕ್ ನಿಕಲ್ಸನ್‌ನನ್ನು ಪ್ರಶ್ನೆ ಮಾಡುತ್ತಾನೆ. ಕಿವಿಗೆ ‘ಕರ್ನಲ್’ ಕೇಳಿಸಿತು, ಕೆಳಗೆ ಸಬ್‌ಟೈಟಲ್‌ನಲ್ಲಿ ನನ್ನ ಕೊಲೊನೆಲ್! ಮೂರು ಸಲ ಹಿಂದೆ ಓಡಿಸಿ ನೋಡಿದೆ. ಅದೇ ಸಿನಿಮಾದಲ್ಲಿ ನಮ್ಮ ಲೆಫ್ಟಿನೆಂಟ್ ‘ಲುಟೆನೆಂಟ್’ ಆಗಿದ್ದ.

ಈ ಕರ್ನಲ್‌ಗೆ ಮೂಲವಾದ ಇಟಲಿಯ ‘ಕೊಲೊನೆಲ್ಲೊ’ ಫ್ರೆಂಚಿಗೆ ಹೋಗಿ ‘ಕೊರೊನೆಲ್’ ಆಯಿತಂತೆ. ಇಂಗ್ಲಿಷಿನವರು ಬಾಯಲ್ಲಿ ಆ ‘ರ’ವನ್ನು ಉಳಿಸಿಕೊಂಡು, ಸ್ಪೆಲಿಂಗ್‌ನಲ್ಲಿ ಇಟಲಿಯ ‘ಲ’ಕ್ಕೆ ವಾಪಸ್ ಹೋದರು. ಇದರಲ್ಲಿ ಆ ಹುಡುಗನ ತಪ್ಪೇನಿದೆ?

ಸ್ಟಾಫ್ ರೂಮಿನಲ್ಲಿ ಹೇಳಿದಾಗ ಹಿರಿಯ ಸಹೋದ್ಯೋಗಿಯೊಬ್ಬರು ‘ಮೊದಲು ಗ್ರಾಮರ್ ಕಲಿಯಲಿ, ಆಮೇಲೆ ಥ್ರಿಲ್ಲರ್’ ಅಂದರು. ಒಳ್ಳೆಯವರೇ. ಆದರೆ ಅವರ ಮನೆಯಲ್ಲಿ ಊಟದ ಹೊತ್ತಿಗೂ ಇಂಗ್ಲಿಷ್ ಇತ್ತು. ಯಾರ ಬಾಯಿಂದಲೂ ಕೇಳದ ಪದವನ್ನು ಒಬ್ಬರೇ ಓದಿಕೊಳ್ಳುವ ಕಷ್ಟ ಅವರಿಗೆ ಹೇಗೆ ಗೊತ್ತಾಗಬೇಕು?

ವಾರವಿಡೀ ಆ ಪ್ರಶ್ನೆ ತಲೆಯಲ್ಲೇ ಇದೆ. ‘ದೊಡ್ಡವನೋ’ ಅಂತ ಕೇಳಿದನಲ್ಲ, ಯಾರು ಯಾರಿಗೆ ಆರ್ಡರ್ ಕೊಡುತ್ತಾರೆ ಅಂತ ಅವನಿಗೆ ತಿಳಿಯಬೇಕಿತ್ತು. ಕಥೆಯೊಳಗೆ ಪೂರ್ತಿ ಇಳಿದವನಿಗೇ ಅಂಥ ಪ್ರಶ್ನೆ ಬರೋದು.

ಶುಕ್ರವಾರ ಅವನು ನೋಟ್‌ಬುಕ್ ತಂದ. ಕಾದಂಬರಿಗಳಿಂದ ಬರೆದುಕೊಂಡ ಪದಗಳು, ಪಕ್ಕದಲ್ಲಿ ಕನ್ನಡದಲ್ಲಿ ತನ್ನದೇ ಉಚ್ಚಾರ: ಸಬ್‌ಪೋಯೆನಾ (ಕೋರ್ಟಿನ ಸಮನ್ಸ್), ಅಮೆರಿಕದ ರಾಜ್ಯಗಳಾದ ಅರ್ಕಾನ್ಸಾಸ್, ಇಲ್ಲಿನೋಯಿಸ್. ‘ಇವನ್ನೆಲ್ಲ ಒಂದ್ಸಲ ಬಾಯಲ್ಲಿ ಹೇಳಿಬಿಡಿ ಮೇಡಂ’ ಅಂದ.

ಸಪೀನಾ. ಆರ್ಕನ್ಸಾ. ಇಲಿನಾಯ್. ಒಂದೊಂದನ್ನೂ ಅವನು ತಿರುಗಿ ಹೇಳಿ, ಹಳೆಯದರ ಪಕ್ಕ ಪೆನ್ಸಿಲ್‌ನಲ್ಲಿ ಬರೆದುಕೊಂಡ. ಬೆಲ್ ಹೊಡೆಯುವ ಹೊತ್ತಿಗೆ ಎರಡು ಪುಟ ಮುಗಿದಿತ್ತು. ಇನ್ನೂ 14 ಪುಟ ಇದೆ.