ಸಾದಾ ಕರೆರಾ ಸಾಕಾ, ಎಸ್ ಬೇಕಾ?

ಪೋರ್ಷೆ ಕಂಪನಿಯ 911 ಸ್ಪೋರ್ಟ್ಸ್ ಕಾರು ತಗೊಳ್ಳೋದಾದರೆ ಸಾದಾ ಕರೆರಾ ಸಾಕಾ, ಇಲ್ಲ ಅದಕ್ಕಿಂತ ಜೋರಿನ ಕರೆರಾ ಎಸ್ ತಗೊಳ್ಳಬೇಕಾ? ಇದು ನನಗೆ ಬರುವ ಪ್ರಶ್ನೆ. ಭಟ್ಕಳದಿಂದ ಗಲ್ಫಿಗೆ ಹೋಗಿ ವ್ಯಾಪಾರ ಹಚ್ಚಿದವರು ಕೇಳುತ್ತಾರೆ. ಬೆಂಗಳೂರಿನಲ್ಲಿ ಕಂಪನಿ ಕಟ್ಟಿದ ಶಿರಸಿಯ ಹುಡುಗರು ಕೇಳುತ್ತಾರೆ. ಸದ್ಯಕ್ಕೆ ಕೊಳ್ಳುವ ಯೋಚನೆಯೇ ಇಲ್ಲದ ಕಾಲೇಜು ಹುಡುಗರೂ ಕೇಳುತ್ತಾರೆ, ಅವರೇ ಜಾಸ್ತಿ. ನಾನು ದುಬೈಯ ಒಂದು ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಈ ಗಾಡಿಗಳ ಕೆಲಸ ಮಾಡಿ ಈಗ ಕುಮಟಾದಲ್ಲಿ ಇರುವವನು. ಗಾಡಿಯೂ ಗೊತ್ತು, ಇಲ್ಲಿಯ ರಸ್ತೆಯೂ ಗೊತ್ತು ಅಂತ ನನ್ನ ಹತ್ತಿರ ಬರುತ್ತಾರೆ.

ನನ್ನ ಉತ್ತರ ಒಂದೇ. ಗಾಡಿ ನಮ್ಮ ಜಿಲ್ಲೆಯಲ್ಲಿ ಓಡೋದಾದರೆ ಸಾದಾ ಕರೆರಾ ತಗೊಳ್ಳಿ.

ಇದು ದುಡ್ಡು ಉಳಿಸುವ ಮಾತಲ್ಲ. ಎರಡು ಕೋಟಿ ಆಸುಪಾಸಿನ ಗಾಡಿ ತಗೊಳ್ಳುವವನಿಗೆ ಉಳಿತಾಯದ ಬುದ್ಧಿ ಹೇಳಲು ನಾನ್ಯಾರು? ಓಡಿಸುವ ಖುಷಿ ಯಾವುದರಲ್ಲಿ ಜಾಸ್ತಿ ಸಿಗುತ್ತದೆ ಅನ್ನೋದಷ್ಟೇ ನನ್ನ ಲೆಕ್ಕ.

ಮೊದಲು ಗಾಡಿಯ ವಿಷಯ. 2019ರಿಂದ 2024ರ ತನಕ ಬಂದ 911, ಅಂದರೆ ಕಂಪನಿ 992 ಅಂತ ಕರೆಯುವ ಮಾದರಿಯನ್ನೇ ನೋಡೋಣ. ಸೆಕೆಂಡ್ ಹ್ಯಾಂಡ್ ಹುಡುಕುವವರು ಕೇಳೋದೂ ಹೆಚ್ಚಾಗಿ ಇದರ ಬಗ್ಗೆಯೇ. ಎರಡರಲ್ಲೂ ಇರೋದು ಅದೇ 3 ಲೀಟರಿನ ಆರು ಸಿಲಿಂಡರ್ ಎಂಜಿನ್, ಎರಡು ಟರ್ಬೊ. ಸಾದಾದ ಟರ್ಬೊ ಸ್ವಲ್ಪ ಚಿಕ್ಕದು, ಎಸ್‌ನದ್ದು ದೊಡ್ಡದು. ಅದರಿಂದ ಸಾದಾಕ್ಕೆ 385 ಪಿಎಸ್ (ಅಶ್ವಶಕ್ತಿಯ ಒಂದು ಅಳತೆ) ಶಕ್ತಿ, ಎಸ್‌ಗೆ 450. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗ ಮುಟ್ಟಲು ಸಾದಾಕ್ಕೆ 4.2 ಸೆಕೆಂಡ್, ಎಸ್‌ಗೆ 3.7. ಗರಿಷ್ಠ ವೇಗ ಗಂಟೆಗೆ 293 ಮತ್ತು 308. ಸಾದಾ ಅಂತ ಬಾಯಿ ಮಾತಿಗೆ ಹೇಳುತ್ತೇವೆ ಅಷ್ಟೇ, 293 ಹೋಗುವ ಗಾಡಿ ಅದು!

ಈಗ ಇದನ್ನು ಕುಮಟಾ-ಶಿರಸಿ ರಸ್ತೆಯ ದೇವಿಮನೆ ಘಟ್ಟಕ್ಕೆ ತನ್ನಿ. ಕತಗಾಲ ದಾಟಿ ಏರು ಶುರುವಾಯಿತು ಅಂದರೆ ತಿರುವಿನ ಮೇಲೆ ತಿರುವು. ಎರಡು ತಿರುವಿನ ನಡುವೆ ಸಿಗುವ ನೇರ ರಸ್ತೆ ಎಷ್ಟು? ಎಕ್ಸಲರೇಟರ್ ಪೂರ್ತಿ ಒತ್ತಿ ಒಂದು ಉಸಿರು ಎಳೆಯೋದರೊಳಗೆ ಮುಂದಿನ ತಿರುವು ಬಂದಿರುತ್ತದೆ, ಎದುರಿಗೆ ಬಸ್ಸೋ ಲಾರಿಯೋ ಅರ್ಧ ರಸ್ತೆ ಹಿಡಿದು ಇಳಿಯುತ್ತಿರುತ್ತದೆ. ಅಲ್ಲಿ ಎಸ್‌ನ ಹೆಚ್ಚಿನ 65 ಪಿಎಸ್ ಕೆಲಸಕ್ಕೇ ಬರೋದಿಲ್ಲ. ಅದು ಹೊರಗೆ ಬರೋದು ಎಂಜಿನ್ ಸುತ್ತು ಮೇಲೆ ಏರಿದಾಗ, ಮೂರನೇ ಗೇರಿನಲ್ಲಿ ನೂರು ದಾಟುವ ಹೊತ್ತಿಗೆ. ಕೆಳಗಿನ ಸುತ್ತಿನಲ್ಲಿ ನೋಡಿದರೆ ಸಾದಾದ ಪೂರ್ತಿ 450 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ, ನಿಮಿಷಕ್ಕೆ 1,950 ಸುತ್ತಿಗೇ ಬಂದು ನಿಂತಿರುತ್ತದೆ. ಎಸ್‌ನ 530 ಬರಲು 2,300 ಸುತ್ತು ಬೇಕು. ಹಾಗಂತ ಎಸ್ ಕೆಳಗೆ ಸೊರಗುತ್ತದೆ ಅಂತಲ್ಲ. ತಿರುವು ಮುಗಿದ ಕೂಡಲೇ ಮುಂದಕ್ಕೆ ನುಗ್ಗುವ ಆ ಪಿಕಪ್ ಇದೆಯಲ್ಲ, ಅದು ಸಾದಾದಲ್ಲೂ ಬೇಕಾದಷ್ಟಿದೆ. ಅಷ್ಟನ್ನು ನಾವು ನಿಜವಾಗಿ ಬಳಸುತ್ತೇವೆ. ಎಸ್‌ನಲ್ಲಿ ಕೂತರೆ ಘಟ್ಟ ಪೂರ್ತಿ ಗಾಡಿಯನ್ನು ಹಿಡಿದು ಹಿಡಿದು ಓಡಿಸೋದೇ ಆಗುತ್ತದೆ.

ಹೆದ್ದಾರಿಯಲ್ಲಾದರೂ ಎಸ್ ಬೇಡವಾ ಅಂತ ಕೇಳುತ್ತಾರೆ. ಅಂಕೋಲಾದಿಂದ ಕಾರವಾರದ ತನಕ ನಾಲ್ಕು ಪಥದ 66ನೇ ಹೆದ್ದಾರಿ, ಬಿಣಗಾ ಹತ್ತಿರ ಸುರಂಗ, ಪಕ್ಕದಲ್ಲಿ ಸಮುದ್ರ. ಆಸೆ ಆಗೋದು ಸಹಜ. ಆದರೆ 2018ರ ಕೇಂದ್ರದ ಅಧಿಸೂಚನೆಯಲ್ಲಿ ನಾಲ್ಕು ಪಥದ ರಸ್ತೆಗೆ ಇಟ್ಟ ಮಿತಿಯೇ 100. ಅದೂ ಇರಲಿ. ಅವರ್ಸಾದಲ್ಲಿ, ಅಮದಳ್ಳಿಯಲ್ಲಿ ಶಾಲೆ ಮಕ್ಕಳು ರಸ್ತೆ ದಾಟುತ್ತಾರೆ, ರಾತ್ರಿ ದನಗಳು ಡಾಂಬರಿನ ಮೇಲೇ ಮಲಗಿರುತ್ತವೆ, ಸ್ಕೂಟರ್ ಎದುರು ದಿಕ್ಕಿನಲ್ಲಿ ಬರುತ್ತದೆ. ಇದು ನಮ್ಮ ಜನ ನಡೆದಾಡುವ ರಸ್ತೆ. ಇಲ್ಲಿ 4.2 ಮತ್ತು 3.7ರ ನಡುವಿನ ಅರ್ಧ ಸೆಕೆಂಡಿಗೆ ಯಾವ ಬೆಲೆಯೂ ಇಲ್ಲ ಅಂತ ನಾನು ಖಡಾಖಂಡಿತ ಹೇಳುತ್ತೇನೆ.

ಇನ್ನು ಟಯರಿನ ವಿಷಯ. ಇದನ್ನು ಯಾರೂ ಕೇಳೋದಿಲ್ಲ, ನಾನು ಮಾತ್ರ ಹೇಳದೆ ಬಿಡೋದಿಲ್ಲ, ಯಾಕೆಂದರೆ ನನ್ನ ಉತ್ತರದ ಅರ್ಧ ಭಾಗ ಇದೇ. ಸಾದಾ ಕರೆರಾಕ್ಕೆ ಕಂಪನಿ ಕೊಡೋದು ಮುಂದೆ 19, ಹಿಂದೆ 20 ಇಂಚಿನ ಚಕ್ರ. ಎಸ್‌ಗೆ ಮುಂದೆ 20, ಹಿಂದೆ 21. ಸಾದಾದ ಮುಂದಿನ ಟಯರ್ 235/40, ಎಸ್‌ನದ್ದು 245/35. ಮೊದಲ ಅಂಕಿ ಟಯರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಆ ಅಗಲದ ಶೇಕಡಾ ಎಷ್ಟು ಎತ್ತರ ರಬ್ಬರಿನ ಗೋಡೆ ಇದೆ ಅನ್ನೋದು. ಗುಣಿಸಿ ನೋಡಿ. ಸಾದಾದಲ್ಲಿ ಮುಂದಿನ ಗೋಡೆ 94 ಮಿಲಿಮೀಟರ್, ಎಸ್‌ನಲ್ಲಿ ಸುಮಾರು 86. ಹಿಂದೆ 295/35 ಮತ್ತು 305/30, ಅಂದರೆ ಸುಮಾರು 103 ಮತ್ತು 92. ಒಂದು ಸೆಂಟಿಮೀಟರ್ ರಬ್ಬರು ಅಷ್ಟೇ ಅಲ್ವಾ ಅನ್ನಬೇಡಿ. ಮಳೆಗಾಲದಲ್ಲಿ ಹೊಂಡದ ತುಂಬ ಕೆಂಪು ನೀರು ನಿಂತಿರುತ್ತದೆ, ಆಳ ಕಾಣೋದಿಲ್ಲ. ಹೊಂಡದ ಅಂಚಿಗೆ ಚಕ್ರ ಬಡಿದಾಗ ರಿಮ್ಮಿಗೂ ಕಲ್ಲಿಗೂ ನಡುವೆ ಇರೋದು ಆ ರಬ್ಬರೊಂದೇ. ಅದು ಕಡಿಮೆ ಇದ್ದಷ್ಟೂ ಟಯರಿನ ಪಕ್ಕ ಸೀಳೋದು, ರಿಮ್ ಬಾಗೋದು ಜಾಸ್ತಿ. 911ರಲ್ಲಿ ಸ್ಟೆಪ್ನಿ ಇರೋದಿಲ್ಲ. ಟಯರಿನೊಳಗೆ ಹಾಕುವ ಅಂಟು ದ್ರಾವಣ, ಗಾಳಿ ತುಂಬುವ ಸಣ್ಣ ಪಂಪು, ಇಷ್ಟೇ ಕೊಡುತ್ತಾರೆ. ಮೊಳೆ ಚುಚ್ಚಿದ ತೂತಿಗೆ ಅದು ನಡೆಯುತ್ತದೆ, ಪಕ್ಕ ಸೀಳಿದರೆ ಏನೂ ಮಾಡಲು ಬರೋದಿಲ್ಲ. ಕದ್ರಾ ದಾಟಿ ಅಣಶಿ ಘಟ್ಟದ ಕಾಡಿನಲ್ಲಿ, ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಹೀಗಾದರೆ ಏನು ಗತಿ? 21 ಇಂಚಿನ ಟಯರ್ ಜೋಯಿಡಾದಲ್ಲಿ ಸಿಗುತ್ತದಾ? ಕಾರವಾರದಲ್ಲೇ ಸಿಗೋದಿಲ್ಲ. ಬೆಂಗಳೂರು, ಮುಂಬೈ, ಕೊಚ್ಚಿಯ ಪೋರ್ಷೆ ಸೆಂಟರಿಗೇ ಫೋನ್ ಮಾಡಬೇಕು.

ಅದಕ್ಕೇ ಇನ್ನೊಂದು ಮಾತು. ಸಾದಾ ಕರೆರಾ ತಗೊಂಡು ಚಂದ ಕಾಣಲಿ ಅಂತ ದೊಡ್ಡ ಚಕ್ರ ಹಾಕಿಸಬೇಡಿ. ಎಸ್ ಬಿಟ್ಟು ಉಳಿದ ದುಡ್ಡಿನಲ್ಲಿ ಮುಂದಿನ ಭಾಗ ಎತ್ತುವ ವ್ಯವಸ್ಥೆ ಇರುವ ಗಾಡಿ ತಗೊಳ್ಳಿ. ಬಟನ್ ಒತ್ತಿದರೆ ಮೂತಿ ಸುಮಾರು 4 ಸೆಂಟಿಮೀಟರ್ ಮೇಲೇಳುತ್ತದೆ. ನಮ್ಮ ಊರುಗಳ ಹಂಪ್ ನೋಡಿದವರಿಗೆ ಅದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಎಸ್‌ನಲ್ಲಿ ನನಗೆ ನಿಜವಾಗಿ ಇಷ್ಟವಾಗೋದು ಅದರ ಬ್ರೇಕು. ಮುಂದೆ 350 ಮಿಲಿಮೀಟರ್ ಡಿಸ್ಕ್, ಅದನ್ನು ಒತ್ತಿ ಹಿಡಿಯಲು ಆರು ಪಿಸ್ಟನ್. ಸಾದಾದಲ್ಲಿ 330, ನಾಲ್ಕು ಪಿಸ್ಟನ್. ವೇಗ ಎರಡು ಪಟ್ಟಾದರೆ ಬ್ರೇಕು ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ, ಅದೆಲ್ಲ ಶಾಖವಾಗಿ ಡಿಸ್ಕಿಗೇ ಹೋಗಬೇಕು. ಕೊಯಮತ್ತೂರಿನ ಕರಿ ಟ್ರ್ಯಾಕಿಗೋ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೋ ಆಗಾಗ ಹೋಗಿ ಸುತ್ತು ಹೊಡೆಯುವವರಿದ್ದರೆ, ಅವರು ಕಣ್ಣು ಮುಚ್ಚಿ ಎಸ್ ತಗೊಳ್ಳಲಿ. ಶಕ್ತಿಗೋಸ್ಕರ ಅಲ್ಲ, ಬ್ರೇಕಿಗೋಸ್ಕರ. ಅರಬೈಲ್ ಘಟ್ಟ ಇಳಿಯಲು ಮಾತ್ರ ಸಾದಾದ ಬ್ರೇಕು ಧಾರಾಳವಾಗಿ ಸಾಕು. ಗೇರ್ ಕೆಳಗೆ ಇಳಿಸಿಕೊಂಡು ಎಂಜಿನ್ ಹಿಡಿತದಲ್ಲಿ ಇಳಿಯಿರಿ, ಲಾರಿ ಡ್ರೈವರುಗಳು ಮಾಡೋದೂ ಅದನ್ನೇ.

ಈ ಗೊಂದಲ ಇವತ್ತಿನದಲ್ಲ. 1960ರ ದಶಕದ ಕೊನೆಯಲ್ಲೇ ಪೋರ್ಷೆ 160 ಪಿಎಸ್‌ನ 911 ಎಸ್ ಜೊತೆಗೆ 110 ಪಿಎಸ್‌ನ ಅಗ್ಗದ 911 ಟಿ ಮಾರುತ್ತಿತ್ತು. 1968ರಲ್ಲಿ ಇಂಗ್ಲೆಂಡಿನ ರೇಸ್ ಡ್ರೈವರ್ ವಿಕ್ ಎಲ್ಫರ್ಡ್ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದಿದ್ದು 911 ಟಿಯಲ್ಲಿ. ಇದನ್ನು ಹಿಡಿದು "ನೋಡಿ, ಸಾದಾ ಗಾಡಿಯೇ ಗೆದ್ದಿದ್ದು" ಅಂತ ವಾದ ಮಾಡುವವರಿದ್ದಾರೆ. ಅದು ಸರಿಯಲ್ಲ. ಟಿ ಹಗುರ ಅಂತ ಅದನ್ನು ಆರಿಸಿಕೊಂಡು ಎಂಜಿನ್ ಜೋರು ಮಾಡಿಯೇ ರ‍್ಯಾಲಿಗೆ ಬಿಟ್ಟಿದ್ದರು. ನನ್ನ ಮಾತಿಗೆ ಅನುಕೂಲ ಅಂತ ಅರ್ಧ ಕಥೆ ಹೇಳಲು ನನಗೆ ಮನಸ್ಸಿಲ್ಲ.

ಹಾಗಾದರೆ ಯಾವಾಗಲೂ ಕಡಿಮೆ ಶಕ್ತಿಯದ್ದೇ ತಗೊಳ್ಳಬೇಕಾ? ಖಂಡಿತ ಇಲ್ಲ. ಮೊನ್ನೆ ಅಕ್ಕನ ಮಗ ಫೋನ್ ಮಾಡಿದ್ದ. "ಮಾವ, ವರ್ಟಸ್ ತಗೊಳ್ಳೋಣ ಅಂತ. 1 ಲೀಟರಿನದ್ದಾ, 1.5ರದ್ದಾ?" ಅವನಿಗೆ ನಾನು 1.5 ಅಂತಲೇ ಹೇಳಿದೆ. ಫೋಕ್ಸ್‌ವ್ಯಾಗನ್ ವರ್ಟಸ್‌ನ ಸಣ್ಣ ಎಂಜಿನ್ 115 ಪಿಎಸ್, 178 ನ್ಯೂಟನ್ ಮೀಟರ್. ದೊಡ್ಡದು 150 ಮತ್ತು 250. ಮನೆಯ ಐದು ಜನ, ಡಿಕ್ಕಿ ತುಂಬ ಸಾಮಾನು, ಎಸಿ ಹಾಕಿಕೊಂಡು ಗೇರುಸೊಪ್ಪ ಘಟ್ಟ ಹತ್ತುತ್ತಾ ಮುಂದಿನ ಟ್ಯಾಂಕರ್ ದಾಟಬೇಕು ಅಂದರೆ ಆ 72 ನ್ಯೂಟನ್ ಮೀಟರ್ ಕಾಲಿಗೆ ಗೊತ್ತಾಗುತ್ತದೆ. ಎದುರು ಪಥದಲ್ಲಿ ಇರುವ ಹೊತ್ತು ಕಡಿಮೆಯಾಗುತ್ತದೆ, ಅದು ಜೀವದ ಪ್ರಶ್ನೆ. ಅಲ್ಲಿ ಹೆಚ್ಚಿನ ಶಕ್ತಿ ದಿನವೂ ಕೆಲಸಕ್ಕೆ ಬರುತ್ತದೆ. 385ರಿಂದ 450ಕ್ಕೆ ಏರಿದಾಗ ನಮ್ಮ ರಸ್ತೆಯಲ್ಲಿ ಹಾಗೆ ಆಗೋದಿಲ್ಲ. ಹಾಗಾಗಿ ಯಾರೇ ಕೇಳಿದರೂ ನಾನು ಮೊದಲು ಕೇಳೋದು, ಗಾಡಿಯಲ್ಲಿ ಎಷ್ಟು ಜನ, ಯಾವ ರಸ್ತೆ, ವಾರಕ್ಕೆಷ್ಟು ಸಲ ಅಂತ.

ಎಸ್ ಅಂತ ಬರೆದ ಅಕ್ಷರ ಹಿಂದೆ ಇರಬೇಕು ಅನ್ನುವವರೂ ಇದ್ದಾರೆ. ಅದು ಅವರ ಆಸೆ, ಅದರಲ್ಲಿ ತಪ್ಪಿಲ್ಲ. ಅಂಥವರಿಗೆ ನಾನು ಸುಮ್ನೆ ಎಸ್ ಅಂತಲೇ ಹೇಳಿಬಿಡುತ್ತೇನೆ. ಬೇರೆ ಹೇಳಿದರೆ ಮುಂದೆ ಸಾದಾ ಗಾಡಿ ನೋಡಿದಾಗೆಲ್ಲ ಮನಸ್ಸಿಗೆ ಕಿರಿಕಿರಿ.

ಇನ್ನು ಕ್ಲಚ್ ತುಳಿದು ಗೇರ್ ಹಾಕುವ ಆಸೆ ಇರುವವರು. ಈ ಮಾದರಿಯ ಸಾದಾ ಕರೆರಾ ಎಂಟು ಗೇರಿನ ಆಟೊಮ್ಯಾಟಿಕ್‌ನಲ್ಲಿ ಮಾತ್ರ ಬಂತು. ಮ್ಯಾನುವಲ್ ಬೇಕು ಅಂದರೆ ಎಸ್‌ಗೆ ಹೋಗಬೇಕಿತ್ತು. 2022ರ ಕೊನೆಯಲ್ಲಿ ಕರೆರಾ ಟಿ ಬಂದ ಮೇಲೆ ಅದು ತಪ್ಪಿತು. ಸಾದಾದ ಅದೇ 385 ಪಿಎಸ್ ಎಂಜಿನ್, ಏಳು ಗೇರಿನ ಮ್ಯಾನುವಲ್, ಹಿಂದಿನ ಸೀಟು ತೆಗೆದು ಶಬ್ದ ತಡೆಯುವ ಹೊದಿಕೆಯನ್ನೂ ಕಡಿಮೆ ಮಾಡಿದ್ದಾರೆ, ತೂಕದಲ್ಲಿ 35 ಕಿಲೋ ಇಳಿದಿದೆ. ಎಂಜಿನ್ ಸದ್ದು ಒಳಗೆ ಚೆನ್ನಾಗಿ ಕೇಳುತ್ತದೆ. ಚಕ್ರ ಮಾತ್ರ ಎಸ್‌ನ ಹಾಗೆ 20 ಮತ್ತು 21 ಇಂಚಿನದ್ದು, ಹಾಗಾಗಿ ಹೊಂಡದ ವಿಷಯದಲ್ಲಿ ನಾನು ಮೇಲೆ ಹೇಳಿದ್ದೆಲ್ಲ ಇದಕ್ಕೂ ಅನ್ವಯ. ಮಳೆ ನಿಂತು ರಸ್ತೆ ರಿಪೇರಿ ಆದ ಮೇಲೆ, ಡಿಸೆಂಬರಿನಿಂದ ಮೇ ತನಕ ಓಡಿಸಿ, ಮಳೆಗಾಲಕ್ಕೆ ಶೆಡ್ಡಿನಲ್ಲಿ ಇಡುವ ಮನಸ್ಸಿದ್ದರೆ ನಾನು ಟಿ ಹುಡುಕಿ ಅಂತೀನಿ. ಮಳೆಯಲ್ಲೂ ಓಡಿಸಬೇಕು ಅಂದರೆ 19 ಇಂಚಿನ ಸಾದಾ ಕರೆರಾವೇ ಸರಿ.